ಮುಚ್ಚಿಹೋದ ಕಾಜ

ಮಾರ್ಚ್ ೩, ಸೋಮವಾರ

ಇವತ್ತು ಮಾಲೀಕರು ಒಂದು ಇಂಗ್ಲಿಷ್ ಪದ ಹೇಳಿದರು. ನಾನು ತಲೆಯಾಡಿಸಿದೆ. ಪದದ ಅರ್ಥ ಗೊತ್ತಿರಲಿಲ್ಲ. ತಲೆಯಾಡಿಸಲು ಅರ್ಥ ಗೊತ್ತಿರಬೇಕು ಎಂಬ ನಿಯಮವನ್ನು ನಾನು ಯಾವತ್ತೂ ಪಾಲಿಸಿದವಳಲ್ಲ.

ನಡೆದದ್ದು ಇಷ್ಟು. ದೊಡ್ಡಮ್ಮ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದಳು. ನಾನು ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಕೂತು ಅವಳ ಸೂಜಿಗಳಿಗೆ ದಾರ ಪೋಣಿಸುತ್ತಿದ್ದೆ. ಮಾಲೀಕರು ಕೈಯಲ್ಲಿ ಯಾವುದೋ ಬಟ್ಟೆ ಹಿಡಿದುಕೊಂಡು ಬಂದು, “ಡಿಟೀರಿಯರೇಟ್ ಆಗ್ತಾ ಇದೆ. ಏನಂತೀಯ?” ಅಂದರು. ನಾನು ಬಟ್ಟೆಯನ್ನು ನೋಡಲಿಲ್ಲ, ಅವರ ಚಪ್ಪಲಿ ನೋಡುತ್ತಿದ್ದೆ. ಯಾರು ಮಾತಾಡಿಸಿದರೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಈ ಬೀದಿಯ ಎಲ್ಲರ ಚಪ್ಪಲಿಗಳೂ ನನಗೆ ಪರಿಚಯ, ಮುಖಗಳದ್ದು ಅಷ್ಟಕ್ಕಷ್ಟೆ.

“ಹೌದಾ, ಅಲ್ವಾ?” ಎಂದು ಮತ್ತೆ ಕೇಳಿದರು.

“ಹೌದು ಸಾರ್.”

“ನಿನಗೂ ಗೊತ್ತಾಗಿದೆ ಅಂದ್ಮೇಲೆ ಸರಿ,” ಎಂದು ಹೋದರು. ಏನು ಗೊತ್ತಾಗಿದೆಯೋ ಆ ದೇವರೇ ಬಲ್ಲ. ಆದರೂ ಮಾಲೀಕರೊಂದಿಗೆ ಎರಡು ಪದ ಮಾತಾಡಿದೆನಲ್ಲ ಎಂದು ಸಂಜೆಯವರೆಗೂ ಬೀಗುತ್ತಿದ್ದೆ.

ಶಾಲೆಯಲ್ಲೂ ನನ್ನದು ಇದೇ ಪಾಡಾಗಿತ್ತು. ಮೇಷ್ಟ್ರು ಹೆಸರು ಕರೆದಾಗ “ಹಾಜರ್” ಅನ್ನಲು ಬಾಯಿ ಬರುತ್ತಿರಲಿಲ್ಲ. ಎದುರಿಗೇ ಕೂತಿರುತ್ತಿದ್ದೆ, ಗೈರುಹಾಜರಿ ಬೀಳುತ್ತಿತ್ತು. ಪ್ರಾಥಮಿಕ ಶಾಲೆ ಮುಗಿಯುವ ಹೊತ್ತಿಗೆ ನಾನು ಶಾಲೆಗೇ ಬರುತ್ತಿಲ್ಲ ಎಂದು ಎಲ್ಲರಿಗೂ ಖಾತ್ರಿಯಾಗಿತ್ತು. ಮುಂದೆ ಹೋಗಲಿಲ್ಲ. ದೊಡ್ಡಮ್ಮ ತನ್ನ ಜೊತೆ ರಫೂ ಕೆಲಸಕ್ಕೆ, ಹರಿದ ಬಟ್ಟೆ ಸರಿಮಾಡಲು, ಕರೆದುಕೊಂಡಳು. ಈ ದಿನಚರಿ ಪುಸ್ತಕ ತಂದುಕೊಟ್ಟವಳೂ ಅವಳೇ. “ಬಾಯಲ್ಲಿ ಬರದಿದ್ರೆ ಕೈಯಲ್ಲಾದ್ರೂ ಬರಲಿ. ಒಳಗೇ ಇಟ್ಕೊಂಡ್ರೆ ಹೊಟ್ಟೆ ಉಬ್ಬರಿಸುತ್ತೆ,” ಅಂದಳು.

ಮಾರ್ಚ್ ೪, ಮಂಗಳವಾರ

ಆ ಪದ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡ ಹಾಗೆ ಕೂತಿದೆ. ಊಟದ ಹೊತ್ತಿಗೆ ಹಬೆ ಮಾವನನ್ನು ಕೇಳಿದೆ. ಅವನು ನಮಗೆ ಮಾವನೂ ಅಲ್ಲ, ಏನೂ ಅಲ್ಲ, ಹಬೆ ಇಸ್ತ್ರಿ ಯಂತ್ರದ ಮುಂದೆ ನಿಲ್ಲುವವನು. ಹಬೆಯಲ್ಲಿ ಮುಖ ಕಾಣುವುದಿಲ್ಲವಾದ್ದರಿಂದ ಅವನ ಜೊತೆ ನನಗೆ ಸ್ವಲ್ಪ ಮಾತು ಬರುತ್ತದೆ.

ಅವನು ಬಹಳ ಹೊತ್ತು ಯೋಚಿಸಿ, “ಬೈಗುಳ ಅಂತೂ ಅಲ್ಲ. ಬೈಗುಳ ಆಗಿದ್ರೆ ನನಗೆ ಗೊತ್ತಿರ್ತಿತ್ತು,” ಅಂದ. “ಔಷಧಿ ಅಂಗಡಿಯವರನ್ನ ಕೇಳು. ಅವರ ಡಬ್ಬಿ ಮೇಲೆಲ್ಲ ಇಂಥವೇ ಇರ್ತವೆ.”

ಸಂಜೆ ಔಷಧಿ ಅಂಗಡಿಗೆ ಹೋದೆ. ಅವರು “ಏನು ಬೇಕಮ್ಮ?” ಅಂದರು. ಒಂದು ಉಂಡೆ ಹತ್ತಿ ಕೊಂಡುಕೊಂಡು ಬಂದೆ. ಮನೆಯಲ್ಲಿ ಯಾರಿಗೂ ಗಾಯವಾಗಿಲ್ಲ.

ಮಾರ್ಚ್ ೬, ಗುರುವಾರ

ಇನ್ನೂ ಒಂದು ಉಂಡೆ ಹತ್ತಿ ಬಂತು. ಆದರೆ ಇವತ್ತು ಕೇಳಿದೆ. ಮುಖ ನೋಡಿ ಕೇಳಲು ಆಗದೆ, ಕೆಮ್ಮಿನ ಔಷಧಿಯ ಬಾಟಲಿಗಳನ್ನು ನೋಡುತ್ತ ಕೇಳಿದೆ. ಬಾಟಲಿಗಳು ಸುಮ್ಮನಿದ್ದವು, ಅವರು ಹೇಳಿದರು.

“ರೋಗಿ ಬಗ್ಗೆನಾ, ಸರಕಿನ ಬಗ್ಗೆನಾ?”

“ಬಟ್ಟೆ ಬಗ್ಗೆ.”

“ಯಾವುದಕ್ಕಾದ್ರೂ ಒಂದೇ. ಇದ್ದದ್ದು ಇದ್ದ ಹಾಗೆ ಇರದೆ ದಿನದಿನಕ್ಕೆ ಕೆಡ್ತಾ ಹೋಗೋದು. ಗಾಜಿನ ಲೋಟ ಕೆಳಗೆ ಬಿದ್ದು ಒಡೆದ್ರೆ ಅದಕ್ಕೆ ಈ ಮಾತು ಬರಲ್ಲ. ಅದು ಒಂದೇ ಏಟಿಗೆ ಹೋಯ್ತು. ಇದು ಹಾಗಲ್ಲ, ನಿಧಾನ. ಇವತ್ತು ನೋಡಿದ್ರೆ ನಿನ್ನೆ ಥರಾನೇ ಇರುತ್ತೆ. ಹೋದ ವರ್ಷ ನೆನಪಿಸಿಕೊಂಡ್ರೆ ಮಾತ್ರ ಗೊತ್ತಾಗೋದು.”

“ಕೆಲಸಕ್ಕೂ ಹೇಳ್ತಾರಾ?”

“ಹೇಳ್ದೆ ಏನು! ನಮ್ಮ ಎದುರುಗಡೆ ಹೋಟೆಲಿನ ಕಾಫಿಗೆ ನಾನು ದಿನಾ ಹೇಳ್ತೀನಿ.”

ಬೀದಿಗೆ ಬಂದ ಮೇಲೆ ಅರ್ಥವಾಯಿತು. ಮಾಲೀಕರ ಕೈಯಲ್ಲಿದ್ದದ್ದು ದೊಡ್ಡಮ್ಮ ರಫೂ ಮಾಡಿದ ಬಟ್ಟೆ. ನಾನು ಹೌದು ಅಂದದ್ದು ಅದಕ್ಕೆ. ಹತ್ತಿಯನ್ನು ಕಿವಿಗೆ ತುಂಬಿಕೊಳ್ಳೋಣ ಅನ್ನಿಸಿತು.

ಮಾರ್ಚ್ ೭, ಶುಕ್ರವಾರ

ರಾಗಿಗೂ ರಾಗಿಕಲ್ಲಿಗೂ ಒಂದೇ ಪದ ಇಟ್ಟುಕೊಂಡ ಆ ಇಂಗ್ಲಿಷಿನವರು ಸೋಮಾರಿಗಳಿರಬೇಕು. ನಮ್ಮಲ್ಲಾದರೆ ಬಟ್ಟೆ ಮಾಸುತ್ತದೆ, ಅನ್ನ ಹಳಸುತ್ತದೆ, ಹೂ ಬಾಡುತ್ತದೆ, ಮೈ ಸೊರಗುತ್ತದೆ, ಚಪ್ಪಲಿ ಸವೆಯುತ್ತದೆ, ಮರ ಲಡ್ಡಾಗುತ್ತದೆ, ಬಣ್ಣ ಮಂಕಾಗುತ್ತದೆ. ಕೆಡುವುದನ್ನು ನಾವು ಎಷ್ಟು ಅಕ್ಕರೆಯಿಂದ ಗಮನಿಸಿದ್ದೇವೆ! ಹೀಗೆಲ್ಲ ದೊಡ್ಡ ಪಂಡಿತಳಂತೆ ಯೋಚಿಸುತ್ತ ಸೂಜಿಗೆ ದಾರ ಪೋಣಿಸಲು ಹೋಗಿ ಬೆರಳಿಗೆ ಚುಚ್ಚಿಕೊಂಡೆ. ಹತ್ತಿ ಕೆಲಸಕ್ಕೆ ಬಂತು.

ದೊಡ್ಡಮ್ಮನ ಕೆಲಸ ನಿಜವಾಗಿ ಕೆಟ್ಟಿದೆಯೇ ನೋಡೋಣ ಎಂದು, ಅವಳು ಊಟಕ್ಕೆ ಕೂತಾಗ ಮುಗಿದ ಬಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ರಫೂ ಎಂದರೆ ತೇಪೆಯಲ್ಲ. ಬಟ್ಟೆಯ ಒಳಮಡಿಕೆಯಿಂದ ಅದೇ ಬಟ್ಟೆಯ ಎಳೆ ತೆಗೆದು, ತೂತಿನ ಮೇಲೆ ಅಡ್ಡ ಉದ್ದ ಮತ್ತೆ ನೇಯುವುದು. ಸರಿಯಾಗಿ ಮಾಡಿದರೆ ಮಾಡಿದ್ದೇ ಕಾಣಬಾರದು. ದೊಡ್ಡಮ್ಮನ ನೇಯ್ಗೆ ಎಂದಿನಂತೆ ಬಿಗಿಯಾಗಿತ್ತು. ಆದರೆ ಒಂದು ಕಪ್ಪು ಪ್ಯಾಂಟಿನಲ್ಲಿ ಕಡುನೀಲಿ ಎಳೆ ಇತ್ತು. ಕಂದು ಶಾಲಿನಲ್ಲಿ ಬೂದು ಎಳೆ ಇತ್ತು.

ಎಳೆ ತೆಗೆದುಕೊಡುವವಳು ನಾನು. ನಾನು ಕೊಟ್ಟದ್ದು ಸರಿಯಿತ್ತು. ಅವಳ ಮುಂದೆ ಎರಡು ಎಳೆ ಇದ್ದರೆ ಯಾವುದು ಯಾವುದೆಂದು ಅವಳಿಗೆ ಕಾಣುತ್ತಿಲ್ಲ.

ಹೋದ ವರ್ಷವನ್ನು ನೆನಪಿಸಿಕೊಂಡೆ. ಗೊತ್ತಾಯಿತು.

ಮಾರ್ಚ್ ೧೧, ಮಂಗಳವಾರ

ಇವತ್ತು ಕದ್ದು ಕೆಲಸ ಮಾಡಿದೆ. ದೊಡ್ಡಮ್ಮ ಊಟ ಮಾಡಿ ಕುರ್ಚಿಯಲ್ಲೇ ಕಣ್ಣು ಮುಚ್ಚಿದಾಗ, ಬಣ್ಣ ತಪ್ಪಿದ ಒಂದು ರಫೂ ಬಿಚ್ಚಿ ನಾನೇ ನೇಯ್ದೆ. ಇಷ್ಟು ವರ್ಷ ನೋಡಿದ್ದೇನಲ್ಲ, ಬಾರದೇ ಇರುತ್ತದೆಯೇ ಎಂದುಕೊಂಡಿದ್ದೆ. ನೆಗಡಿಯಾದ ಜೇಡ ನೇಯ್ದ ಬಲೆಯ ಹಾಗೆ ಬಂತು. ಮತ್ತೆ ಬಿಚ್ಚಿ ಮತ್ತೆ ನೇಯ್ದೆ. ಈ ಸಲ ಜೇಡಕ್ಕೆ ನೆಗಡಿ ಮಾತ್ರ ವಾಸಿಯಾಗಿತ್ತು.

ಹಬೆ ಮಾವ ನೋಡಿದ. ಯಂತ್ರದಿಂದ ಉಸ್ಸೆಂದು ಹಬೆ ಬಿಟ್ಟ, ನನ್ನನ್ನು ಮರೆಮಾಡುವವನಂತೆ.

ಮಾರ್ಚ್ ೧೪, ಶುಕ್ರವಾರ

ಮಾಲೀಕರು ಆ ಕಂದು ಶಾಲನ್ನು ಮೇಲೆತ್ತಿ, “ನೋಡು, ಇದು ನಿನ್ನ ದೊಡ್ಡಮ್ಮನ ಹಳೇ ಥರದ ಕೆಲಸ! ದಿನಾ ಹೀಗೇ ಮಾಡಿದ್ರೆ ನನಗೇನು ತಕರಾರು?” ಅಂದರು. ಅದು ನಾನು ಕದ್ದು ನೇಯ್ದದ್ದು. ಮಾಲೀಕರ ಕಣ್ಣೂ ಕೆಡುತ್ತಿದೆ ಎಂದು ಕಾಣುತ್ತದೆ, ಪಾಪ.

ಮಾರ್ಚ್ ೧೯, ಬುಧವಾರ

ಎಲ್ಲಿಂದ ಶುರು ಮಾಡಲಿ?

ಒಬ್ಬ ವಕೀಲರು ಕರಿಕೋಟು ಕೊಟ್ಟಿದ್ದರು. ಮೊಣಕೈಯ ಹತ್ತಿರ ನುಸಿ ತಿಂದ ಸಣ್ಣ ತೂತು. ನಿನ್ನೆ ನನಗೆ ಜ್ವರವಿತ್ತು, ಮನೆಯಲ್ಲಿದ್ದೆ. ದೊಡ್ಡಮ್ಮ ಒಬ್ಬಳೇ ಕೆಲಸ ಮುಗಿಸಿ, ಮಡಿಸಿ ಕೊಟ್ಟಿದ್ದಳು. ಇವತ್ತು ವಕೀಲರು ಬಂದು ಅಂಗಡಿಯಲ್ಲೇ ಕೋಟು ತೊಟ್ಟುಕೊಂಡರು. ಗಡಿಯಾರದ ಸರಪಳಿಯನ್ನು ಕಾಲರಿನ ಕಾಜಕ್ಕೆ ಸಿಕ್ಕಿಸಲು ಹೋದರು. ಕಾಜ ಇರಲಿಲ್ಲ.

ದೊಡ್ಡಮ್ಮ ಕಾಜವನ್ನು ಮುಚ್ಚಿಬಿಟ್ಟಿದ್ದಳು. ಅದರ ಅಂಚಿನ ಹೊಲಿಗೆಯನ್ನೂ ಬಿಚ್ಚಿ, ಸೀಳಿದ ಜಾಗಕ್ಕೆ ಎಳೆಗೆ ಎಳೆ ಸೇರಿಸಿ ನೇಯ್ದುಬಿಟ್ಟಿದ್ದಳು. ಮೊಣಕೈಯ ತೂತು ಹಾಗೇ ಇತ್ತು, ಒಳಗಿನ ಅಂಗಿ ಅದರಿಂದ ಇಣುಕಿ ನೋಡುತ್ತಿತ್ತು.

“ನನ್ನ ಕಾಜ ಎಲ್ರೀ?” ವಕೀಲರು ಕೇಳಿದರು.

ಮಾಲೀಕರು ಕನ್ನಡಕ ಹಾಕಿಕೊಂಡು ಕಾಲರನ್ನು ನೋಡಿದರು, ತೆಗೆದು ನೋಡಿದರು. ಹಬೆ ಮಾವ ಬಂದು ನೋಡಿದ. ಎಲ್ಲಿ ಇತ್ತೆಂಬ ಗುರುತೂ ಇರಲಿಲ್ಲ. ಕೊನೆಗೆ ವಕೀಲರಿಗೇ ಅನುಮಾನ ಬಂತು. “ಎಡಗಡೆ ಇತ್ತಲ್ವಾ? ಅಥವಾ...” ಎಂದು ಕಾಲರಿನ ಎರಡೂ ಬದಿ ಮುಟ್ಟಿ ನೋಡಿಕೊಂಡರು. ನನಗೆ ನಗು ಬಂತು. ಅಷ್ಟು ಚಂದದ ಕೆಲಸ ದೊಡ್ಡಮ್ಮ ತನ್ನ ಜನ್ಮದಲ್ಲಿ ಮಾಡಿರಲಿಲ್ಲ.

ಗಲಾಟೆ ಕೇಳಿ ಅವಳೇ ಹೊರಗೆ ಬಂದಳು. “ತೂತು ಮುಚ್ಚೋಕೆ ತಾನೆ ಕೊಟ್ಟಿದ್ದು? ಮುಚ್ಚಿದೀನಿ,” ಅಂದಳು. ಆಮೇಲೆ ವಕೀಲರ ಮೊಣಕೈ ಯಾರೋ ತೋರಿಸಿದರು. ಅವಳು ಹತ್ತಿರ ಹೋಗಿ ಬೆರಳಿನಿಂದ ಮುಟ್ಟಿದಳು. ತೂತಿನೊಳಗೆ ಬೆರಳು ಹೋಯಿತು.

ಸೋಮವಾರದೊಳಗೆ ಕಾಜ ವಾಪಸ್ ಬೇಕೆಂದು ವಕೀಲರು ಕೋಟು ಬಿಚ್ಚಿಟ್ಟು ಹೋದರು. ಮಾಲೀಕರು ಮೆತ್ತಗೆ ಹೇಳಿದರು. ಗದರಿದ್ದರೆ ಚೆನ್ನಾಗಿತ್ತು.

“ಈ ತಿಂಗಳು ಮುಗಿಯೋವರೆಗೆ ಬನ್ನಿ, ಅಮ್ಮ. ಆಮೇಲೆ ರಫೂ ಕೆಲಸ ಹೊರಗಡೆ ಕೊಡ್ತೀನಿ. ನಾನೊಬ್ಬನೇ ಹೇಳ್ತಿರೋದಲ್ಲ. ಕೆಲಸ ಡಿಟೀರಿಯರೇಟ್ ಆಗಿದೆ ಅಂತ ನಿಮ್ಮ ತಂಗಿ ಮಗಳೇ ಒಪ್ಕೊಂಡಿದ್ದಾಳೆ. ಕೇಳಿ ಬೇಕಾದ್ರೆ.”

ದೊಡ್ಡಮ್ಮ ನನ್ನ ಕಡೆ ತಿರುಗಿದಳು. ನಾನು ಅವಳ ಚಪ್ಪಲಿ ನೋಡಿದೆ.

ಮಾರ್ಚ್ ೨೦, ಗುರುವಾರ

ದೊಡ್ಡಮ್ಮ ನನಗೆ ಬಹುವಚನ ಕೊಡುತ್ತಿದ್ದಾಳೆ. “ತಾವು ಊಟ ಮಾಡ್ತೀರಾ?” “ತಮ್ಮ ಹಾಸಿಗೆ ಹಾಸಿದೆ.” ಇಷ್ಟು ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ. ಒಂದು ತುತ್ತೂ ಇಳಿಯಲಿಲ್ಲ.

ಮಾರ್ಚ್ ೨೨, ಶನಿವಾರ

ಇವತ್ತು ಪಾತ್ರೆ ತೊಳೆಯುತ್ತಿದ್ದ ದೊಡ್ಡಮ್ಮನ ಬೆನ್ನಿಗೆ ಹೇಳಿದೆ. ಬೆನ್ನಿಗೆ ಹೇಳುವುದು ಸುಲಭ.

“ನನಗೆ ಆ ಪದದ ಅರ್ಥ ಗೊತ್ತಿರಲಿಲ್ಲ, ದೊಡ್ಡಮ್ಮ.”

ಅವಳು ತಪ್ಪಲೆ ಉಜ್ಜುವುದನ್ನು ನಿಲ್ಲಿಸಲಿಲ್ಲ. “ಗೊತ್ತಿಲ್ದೆ ಹೌದು ಅಂದ್ಯಾ?”

“ಹೂಂ.”

“ಗೊತ್ತಾದ್ಮೇಲೆ ಹೋಗಿ ಅಲ್ಲ ಅಂದ್ಯಾ?”

ನಾನು ತೊಳೆದ ಲೋಟಗಳನ್ನು ಜೋಡಿಸತೊಡಗಿದೆ. ನಲ್ಲಿ ಸುರಿಯುತ್ತಿತ್ತು.

“ಯಾಕೆ ಅನ್ಲಿಲ್ಲ?”

“ಬಣ್ಣ ತಪ್ತಾ ಇತ್ತು. ನಾನು... ಒಂದಿಷ್ಟು ಬಿಚ್ಚಿ ಬೇರೆ ಮಾಡಿದೆ.”

ಈಗ ಅವಳು ತಿರುಗಿದಳು. ಸಿಟ್ಟಿನಲ್ಲಿ ಬಹುವಚನ ಮರೆತುಹೋಯಿತು. “ನನ್ನ ಕೆಲಸ ಬಿಚ್ಚಿದ್ಯೇನೇ? ನೀನು? ಬಿಚ್ಚೋ ಮೊದಲು ನನಗೆ ಒಂದು ಮಾತು ಹೇಳ್ಬೇಕು ಅನ್ನಿಸಲಿಲ್ವಾ?”

“ಹೇಳಿದ್ರೆ ನಿನಗೆ ಬೇಜಾರಾಗ್ತಿತ್ತು.”

“ಈಗ ಕುಣಿದಾಡ್ತಾ ಇದೀನಾ?”

ಅವಳು ತಪ್ಪಲೆಯನ್ನು ಬೋರಲು ಹಾಕಿ, ಒದ್ದೆ ಕೈಯಲ್ಲೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು.

“ಏನೇ ಅದು, ಆ ಪದದ ಅರ್ಥ?”

ಹೇಳಿದೆ. ನಿಧಾನ, ದಿನದಿನ, ಹೋದ ವರ್ಷ ನೆನಪಿಸಿಕೊಂಡರೆ ಮಾತ್ರ ಗೊತ್ತಾಗುವುದು. ಹೋಟೆಲಿನ ಕಾಫಿಯನ್ನು ಬಿಟ್ಟೆ.

“ಸರಿಯಾಗೇ ಇದೆ,” ಅಂದಳು. “ಎರಡು ಕಣ್ಣಲ್ಲೂ ಮಧ್ಯಕ್ಕೇ ಏನೂ ಕಾಣಲ್ಲ. ಅಂಚಲ್ಲಿ ಕಾಣುತ್ತೆ. ನಿನ್ನ ಮುಖ ನೋಡಿದ್ರೆ ಕಿವಿ ಎರಡೂ ಕಾಣುತ್ತೆ, ಮೂಗು ಇಲ್ಲ.” ಆಮೇಲೆ ತಾನೇ ನಕ್ಕಳು. “ಇದ್ದಿದ್ದೂ ಅಷ್ಟೇನೂ ದೊಡ್ಡ ಮೂಗಲ್ಲ ಬಿಡು.”

ನಾನು ನಗಬೇಕೆಂದು ಬಾಯಿ ತೆರೆದೆ. ಅಳು ಬಂತು. ಸರಿಯಾದ ಹೊತ್ತಿಗೆ ಸರಿಯಾದದ್ದು ಬಂದದ್ದು ನನ್ನ ಬಾಯಿಂದ ಯಾವಾಗ?

ಮಾರ್ಚ್ ೨೪, ಸೋಮವಾರ

ಕೋಟು ಮೇಜಿನ ಮೇಲಿತ್ತು. ಮಾಲೀಕರು ಕತ್ತರಿ ಹಿಡಿದುಕೊಂಡು, “ಎಲ್ಲೋ ಒಂದು ಕಡೆ ಸೀಳಿಬಿಡೋಣ. ವಕೀಲರಿಗೂ ನೆನಪಿಲ್ಲ,” ಅನ್ನುತ್ತಿದ್ದರು.

ದೊಡ್ಡಮ್ಮ ಕತ್ತರಿಯನ್ನು ಪಕ್ಕಕ್ಕೆ ಸರಿಸಿದಳು. ಕಣ್ಣು ಮುಚ್ಚಿದಳು. ಅವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎನ್ನುವ ಹಾಗೆ. ಹೆಬ್ಬೆರಳನ್ನು ಕಾಲರಿನ ಅಂಚಿನ ಮೇಲೆ ಮೆಲ್ಲಗೆ ಜಾರಿಸಿದಳು. ಒಂದು ಕಡೆ ಬೆರಳು ನಿಂತಿತು.

“ಇಲ್ಲಿ. ಬಿಚ್ಚು.”

“ನಾನಾ?”

“ಬಿಚ್ಚೋದು ಚೆನ್ನಾಗಿ ಬರುತ್ತಲ್ಲ ನಿನಗೆ.”

ಹಬೆ ಮಾವ ಕಿಸಕ್ಕನೆ ನಕ್ಕ. ಅವಳ ಉಗುರು ತೋರಿಸಿದ ಜಾಗದಲ್ಲಿ ನಾನು ಎಳೆಯೊಂದನ್ನು ಸೂಜಿಯಿಂದ ಎತ್ತಿದೆ. ಸರಿಯಾಗಿ ಅಲ್ಲೇ ಇತ್ತು. ಕಾಜ ಕಣ್ಣು ಬಿಟ್ಟಿತು. ಅದಕ್ಕೆ ಅಂಚು ಕಟ್ಟಿ, ಮೊಣಕೈಯ ತೂತನ್ನೂ ನಾನೇ ನೇಯ್ದೆ. ಮಾಲೀಕರು ತಲೆಯ ಮೇಲೆ ನಿಂತಿದ್ದರು. ದೊಡ್ಡಮ್ಮ ಹೆಬ್ಬೆರಳಿನಿಂದ ಮುಟ್ಟಿ, “ಇಲ್ಲಿ ಹೆದರಿದೀಯ. ಇಲ್ಲೂ ಹೆದರಿದೀಯ. ಎಳೆ ಮುಗಿಯೋ ಕಡೆ ಬಿಗಿದುಬಿಡ್ತೀಯ,” ಎಂದು ಎರಡು ಸಲ ಬಿಚ್ಚಿಸಿದಳು.

ಕೆಲಸ ಮುಗಿದ ಮೇಲೆ ಮಾಲೀಕರು ಹೊರಟರು. ಆಗ ನನ್ನ ಬಾಯಿಂದ ಮಾತು ಬಂತು. ಹೇಗೆ ಬಂತು ಎಂದು ಈಗಲೂ ತಿಳಿಯುತ್ತಿಲ್ಲ, ಬಿಕ್ಕಳಿಕೆ ಬಂದ ಹಾಗೆ ಬಂತು.

“ಸಾರ್, ನಾನು ಆವತ್ತು ಹೌದು ಅಂದಿದ್ದು ಗೊತ್ತಿಲ್ದೆ. ಈಗ ಗೊತ್ತು. ಡಿಟೀರಿಯರೇಟ್ ಆಗಿರೋದು ದೊಡ್ಡಮ್ಮನ ಕಣ್ಣು. ಕೆಲಸ ಅಲ್ಲ. ಕೆಲಸ ಕೆಟ್ಟಿದ್ರೆ ಕಾಜ ಎಲ್ಲಿತ್ತು ಅಂತ ನಿಮಗೆಲ್ಲ ಕಾಣಬೇಕಿತ್ತು. ಬಣ್ಣ ನಾನು ನೋಡ್ತೀನಿ. ನೇಯ್ಗೆ ಅವಳು ನೋಡ್ಲಿ. ಕೆಲಸ ಹೊರಗೆ ಕಳಿಸಬೇಡಿ.”

“ಇಬ್ರು ಸೇರ್ಕೊಂಡು ಒಬ್ಬರ ಕೆಲಸ ಮಾಡ್ತೀರಾ?”

“ಹೂಂ ಸಾರ್.”

“ಎಷ್ಟು ದಿನ?”

“ಗೊತ್ತಿಲ್ಲ ಸಾರ್.”

ಅವರು ದೊಡ್ಡಮ್ಮನನ್ನು ನೋಡಿದರು, ಕೋಟನ್ನು ನೋಡಿದರು. “ಆಯ್ತು, ನೋಡೋಣ. ಒಂದೇ ಒಂದು ದೂರು ಬಂದ್ರೂ ಮುಗೀತು. ಆಮೇಲೆ ನನ್ನ ಹತ್ರ ಬಂದು ಅಳಬಾರದು.”

ಮಾಲೀಕರ ಮೂಗಿನ ಪಕ್ಕ ಒಂದು ನರುಳಿ ಇದೆ. ಇಷ್ಟು ವರ್ಷವಾದರೂ ಯಾರೂ ನನಗೆ ಹೇಳಿರಲಿಲ್ಲ.

ಮಾರ್ಚ್ ೨೮, ಶುಕ್ರವಾರ

ದೊಡ್ಡಮ್ಮನ ಕಾನೂನು: ಅವಳ ಹೆಬ್ಬೆರಳು ಒಪ್ಪದೆ ಒಂದು ಬಟ್ಟೆಯೂ ಕೋಣೆಯಿಂದ ಹೊರಗೆ ಹೋಗುವಂತಿಲ್ಲ. ಆ ಬೆರಳೋ, ಪೊಲೀಸ್ ನಾಯಿ. ನಾನು ಎಲ್ಲಿ ಮುಟ್ಟಿದ್ದೇನೋ ಅಲ್ಲೇ ಹೋಗಿ ನಿಲ್ಲುತ್ತದೆ. “ಸಿಕ್ತು,” ಅನ್ನುತ್ತಾಳೆ. ಬೆಳಗ್ಗಿಂದ ಸಂಜೆವರೆಗೂ ಸಿಕ್ತು, ಸಿಕ್ತು. ಗಿರಾಕಿಗಳಿಗೆ ಕಾಣದಿದ್ದರೆ ಸಾಕಲ್ಲವೇ ಅಂದೆ. “ಗಿರಾಕಿ ಕಣ್ಣಲ್ಲಿ ನೋಡ್ತಾನೆ. ಕಣ್ಣಿಗೆ ಯಾರು ಬೇಕಾದ್ರೂ ಮೋಸ ಮಾಡ್ಬಹುದು,” ಅಂದಳು.

ನಾನು ಬಿಚ್ಚುತ್ತೇನೆ, ನೇಯುತ್ತೇನೆ, ಬಿಚ್ಚುತ್ತೇನೆ. ರಫೂಗೆಂದು ಗಿರಾಕಿಗಳು ಬಂದರೆ ಎದ್ದು ಹೋಗಿ ಮಾತಾಡಿಸುವುದೂ ನನ್ನ ತಲೆಗೇ ಬಂದಿದೆ, ಬಣ್ಣ ನೋಡಿ ಹೇಳುವವರು ಬೇರೆ ಯಾರೂ ಇಲ್ಲವಲ್ಲ. ದಿನಚರಿ ಬರೆಯಲು ಪುರಸೊತ್ತಿಲ್ಲ, ಬರೆಯುವಂಥದ್ದೂ ಏನಿಲ್ಲ.

ಏಪ್ರಿಲ್ ೨, ಬುಧವಾರ

ಒಂದು ಭಯದ ವಿಷಯ. ಬರೆಯದೆ ಇರಲಾಗುತ್ತಿಲ್ಲ.

ಒಬ್ಬ ಹೆಂಗಸು ತನ್ನ ಅಜ್ಜಿಯ ಉಣ್ಣೆಯ ಶಾಲು ಕೊಟ್ಟಿದ್ದಳು. ಬೆಂಕಿಯ ಕಿಡಿ ಬಿದ್ದು ನಡುವೆಯೇ ಸುಟ್ಟಿತ್ತು. ಮೂರು ಬಣ್ಣ ಕೂಡುವ ಜಾಗ, ತಲೆನೋವು. ಬೆಳಗ್ಗೆಯಿಂದ ಅದೇ ಕೆಲಸ. ದೊಡ್ಡಮ್ಮ ಪಕ್ಕದಲ್ಲಿರುವುದೇ ಮರೆತುಹೋಗಿತ್ತು. ಹೆದರುವುದೂ ಮರೆತಿದ್ದೆ, ಬಣ್ಣದ ಚಿಂತೆಯಲ್ಲಿ.

ಮುಗಿದ ಮೇಲೆ ಶಾಲನ್ನು ಅವಳ ಮಡಿಲಿಗೆ ಹರಡಿದೆ. ಅವಳು ಕಣ್ಣು ಮುಚ್ಚಿ ಹೆಬ್ಬೆರಳು ಓಡಿಸಿದಳು. ಬೆರಳು ರಫೂ ಮೇಲೆ ಹೋಯಿತು, ದಾಟಿ ಮುಂದೆ ಹೋಯಿತು. ನಿಲ್ಲಲಿಲ್ಲ. ಮತ್ತೆ ವಾಪಸ್ ಬಂತು. ಮತ್ತೆ ದಾಟಿತು.

“ಎಲ್ಲೇ?” ಅಂದಳು.

ಕಣ್ಣಾಯಿತು, ಈಗ ಬೆರಳೂ! ಮಾಲೀಕರಿಗೆ ಅಷ್ಟು ದೊಡ್ಡ ಭಾಷಣ ಬಿಗಿದು ಇನ್ನೂ ಹತ್ತು ದಿನವಾಗಿಲ್ಲ. ನೇಯ್ಗೆ ಅವಳು ನೋಡುತ್ತಾಳೆ ಎಂದು ನಾನೇ ಹೇಳಿದ್ದೆ. ಅವಳ ಬೆರಳನ್ನು ಹಿಡಿದು ಜಾಗದ ಮೇಲಿಟ್ಟು, “ಇಲ್ಲಿದೆ, ದೊಡ್ಡಮ್ಮ, ಇಲ್ಲೇ ಇದೆ,” ಅಂದೆ. ಬೇಜಾರಾಗದಿರಲಿ ಎಂದು, “ಇದು ದಪ್ಪ ಉಣ್ಣೆ, ಯಾರಿಗಾದ್ರೂ ಗೊತ್ತಾಗಲ್ಲ,” ಎಂದೂ ಸೇರಿಸಿದೆ.

ಅವಳು ಅಲ್ಲೇ ಬೆರಳಿಟ್ಟುಕೊಂಡು ಕೂತಳು. “ಓ,” ಅಂದಳು. ಬಿಚ್ಚು ಅನ್ನಲಿಲ್ಲ. ಶಾಲನ್ನು ತಾನೇ ಮಡಿಸಿದಳು, ಮಗುವನ್ನು ಸುತ್ತುವ ಹಾಗೆ.

ಸಂಜೆ ಚೀಲ ತರಲು ಒಳಗೆ ಹೋಗಿದ್ದಾಗ ಅವಳು ಹಬೆ ಮಾವನಿಗೆ ಹೇಳುತ್ತಿದ್ದುದು ಕೇಳಿಸಿತು. “ಎಷ್ಟು ಹುಡುಕಿದ್ರೂ ಅವಳ ರಫೂ ಸಿಗಲಿಲ್ಲ ಕಣೋ.” ಅವನು, “ಹಾಗಾದ್ರೆ ನಿಮ್ಮ ಕೆಲಸ ಮುಗೀತು ಬಿಡಿ, ನೀವಿನ್ನು ಹಾಯಾಗಿ ಕಾಲು ಚಾಚಬಹುದು,” ಅಂದ. ಇಬ್ಬರೂ ನಕ್ಕರು. ಇಂಥ ಹೊತ್ತಿನಲ್ಲಿ ಅವಳನ್ನು ನಗಿಸುವ ಆ ಮಾವನ ಮನಸ್ಸು ದೊಡ್ಡದು. ದಾರಿಯುದ್ದಕ್ಕೂ ದೊಡ್ಡಮ್ಮ ನನ್ನ ತೋಳು ಹಿಡಿದುಕೊಂಡು, ಯಾವುದೋ ಹಳೆಯ ಹಾಡನ್ನು ಗುನುಗುತ್ತ ನಡೆದಳು. ದುಃಖ ನುಂಗಿಕೊಳ್ಳುವುದು ಅವಳಿಂದ ಕಲಿಯಬೇಕು.

ನಾಳೆ ಅಂಗಡಿ ತೆರೆಯುವ ಮೊದಲೇ ಔಷಧಿ ಅಂಗಡಿಗೆ ಹೋಗಿ, ಹತ್ತಿ ಗಿತ್ತಿ ಏನೂ ಕೊಳ್ಳದೆ, ಅವರ ಮುಖಕ್ಕೇ ನೇರವಾಗಿ ಕೇಳಬೇಕು: ಕಣ್ಣಿಗೆ ಕನ್ನಡಕ ಇರುವ ಹಾಗೆ ಬೆರಳಿಗೆ ಏನಾದರೂ ಬಂದಿದೆಯೇ?